ಕಂಡ ಅಕ್ಷರ, ನಿಂತ ಅಕ್ಷರ

ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಮಳೆಯಾಯಿತೆಂಬ ಸುದ್ದಿ ಹಿರಿಯೂರಿಗೆ ಮುಟ್ಟಿದ ದಿನವೇ ಮಾರಿಕಣಿವೆ ತುಂಬುವುದಿಲ್ಲವೆಂಬುದು ಈ ಸೀಮೆಯ ರೈತಮಕ್ಕಳೆಲ್ಲರೂ ಬಲ್ಲ ಮಾತು. ಆ ಗಿರಿಯಲ್ಲಿ ಹುಟ್ಟಿದ ವೇದಾ ಹೊಳೆಯ ನೀರು ಅಯ್ಯನಕೆರೆಯಲ್ಲಿ ತಂಗುತ್ತದೆ; ಅವತಿಯ ನೀರು ಮದಗದ ಕೆರೆಯಲ್ಲಿ ತಂಗುತ್ತದೆ. ಕಡೂರಿನ ಬಳಿ ಎರಡೂ ಕೂಡಿ ವೇದಾವತಿಯೆಂಬ ಹೆಸರನ್ನು ತಳೆದು, ಹೊಸದುರ್ಗದ ಸೀಮೆಯನ್ನು ಹಾದು, ಕಣಿವೆ ಮಾರಮ್ಮನ ಗುಡಿಯಿರುವ ಗುಡ್ಡಗಳ ನಡುವಣ ಕಟ್ಟೆಗೆ ಬಂದು ನಿಂತಾಗಲೇ ಆ ನೀರು ಸಂಗ್ರಹವೆನಿಸಿಕೊಳ್ಳುತ್ತದೆ. 'ಮೇಲೆ ಮಳೆಯಾಯಿತು' ಎಂಬ ವಾಕ್ಯಕ್ಕೂ 'ಕಟ್ಟೆಯಲ್ಲಿ ನೀರು ನಿಂತಿತು' ಎಂಬ ವಾಕ್ಯಕ್ಕೂ ನಡುವೆ ಹಲವು ಹರದಾರಿಗಳ ಹಾದಿಯಿದೆ. ಮೊದಲಿನ ವಾಕ್ಯವನ್ನೇ ನಂಬಿ ನಾಟಿಗೆ ಇಳಿಯುವವನನ್ನು ಊರು ಜಾಣನೆಂದು ಕರೆಯುವುದಿಲ್ಲ.

ಇದೇ ಕಟ್ಟೆ ಇನ್ನೊಂದು ಪಾಠವನ್ನೂ ಹೇಳುತ್ತದೆ. 1907ರ ಹೊತ್ತಿಗೆ ಮುಗಿದ ಈ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದಿತ್ತು. ಆ ಬಳಿಕ 2022ರ ಸೆಪ್ಟೆಂಬರಿನಲ್ಲಿ 130 ಅಡಿಯ ಪೂರ್ಣಮಟ್ಟವನ್ನು ಮೀರಿ ಮತ್ತೆ ಕೋಡಿ ಬಿದ್ದಿತು. '89 ವರ್ಷಗಳ ತರುವಾಯ' ಎಂದು ಅಂದು ನಾಡೆಲ್ಲ ನಲಿದು ನುಡಿಯಿತು. ಹಾಗೆ ನುಡಿಯುವುದು ಸಾಧ್ಯವಾದದ್ದು 1933ರ ಮಟ್ಟದ ಲೆಕ್ಕ ಅಳಿಯದೆ ಉಳಿದು ಬಂದುದರಿಂದ. ನೀರು ಹರಿದು ಹೋಗುತ್ತದೆ, ಕಂಡ ಕಣ್ಣುಗಳೂ ಮುಚ್ಚಿಹೋಗುತ್ತವೆ. ಬರೆದಿಟ್ಟ ಅಂಕಿಯೊಂದೇ ತಲೆಮಾರುಗಳನ್ನು ದಾಟುತ್ತದೆ.

ಈ ಎರಡು ಪಾಠಗಳನ್ನು ಒಟ್ಟಿಗೆ ನೆನೆಯಬೇಕಾದ ಕಾಲ ಈಗ ಬಂದಿದೆ. ನಾಡಿನ ಲೆಕ್ಕಗಳೆಲ್ಲ ಕಾಗದವನ್ನು ಬಿಟ್ಟು ಗಣಕಯಂತ್ರವನ್ನು ಸೇರುತ್ತಿವೆ. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ರೂಪುಗೊಂಡು, 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿಯ ಕಾಲ ಅಲ್ಲಿಗೆ ಮುಗಿಯಿತು. ಶಾಲೆಗಳ ದಾಖಲಾತಿ, ಹಾಜರಿ, ಅಂಕಪಟ್ಟಿಗಳೂ ಅದೇ ದಾರಿ ಹಿಡಿದಿವೆ. ದಾಖಲಾತಿ ಪುಸ್ತಕದಲ್ಲಿ ಬರೆದ ಜನ್ಮದಿನಾಂಕವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗಿ, ಅಲ್ಲಿಂದ ನೌಕರಿಗೆ, ನೌಕರಿಯಿಂದ ನಿವೃತ್ತಿವೇತನದವರೆಗೆ ಒಬ್ಬನ ಬಾಳನ್ನು ಹಿಂಬಾಲಿಸುತ್ತದೆಯೆಂಬುದನ್ನು ಅಧ್ಯಾಪಕ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಒಂದು ಸಾಲು ಕಾಣೆಯಾದರೆ ಅದು ಯಂತ್ರದ ನಷ್ಟವಲ್ಲ, ಮನುಷ್ಯನ ನಷ್ಟ.

ಹೀಗಿರುವಾಗ ಗಣಕದ ಎದುರು ಕುಳಿತ ಗುಮಾಸ್ತನು ಅಕ್ಷರಗಳನ್ನೊತ್ತಿ, 'ಉಳಿಸು' ಎಂಬ ಗುಂಡಿಯನ್ನೂ ಒತ್ತಿ, 'ಉಳಿಯಿತು' ಎಂಬ ಮರುನುಡಿಯನ್ನು ಪರದೆಯ ಮೇಲೆ ಕಂಡು ಎದ್ದುಹೋದನೆಂದರೆ, ಅದು ನಿಜವಾಗಿ ಉಳಿಯಿತೇ? ಉಳಿದಿರಬಹುದು, ಉಳಿಯದೆಯೂ ಇರಬಹುದು ಎಂಬುದೇ ಸರಿಯಾದ ಉತ್ತರ. ಈ ಸಂದೇಹ ಹೇಗೆ ಹುಟ್ಟುತ್ತದೆ, ಅದಕ್ಕೆ ಪರಿಹಾರವೇನು, ಆ ಪರಿಹಾರವನ್ನು ಕೇಳಿ ಪಡೆಯುವ ಹೊಣೆ ಯಾರದು ಎಂಬುದನ್ನು ವಿಚಾರಿಸುವುದು ವಿದ್ಯಾಸಂಸ್ಥೆಗಳ ಕರ್ತವ್ಯವಾಗಿದೆ.

ಗಣಕದೊಳಗಿನ ಅಕ್ಷರದ ಪ್ರಯಾಣವು ವೇದಾವತಿಯ ಪ್ರಯಾಣದಂತೆಯೇ ಹಲವು ತಂಗುದಾಣಗಳದು. ಒತ್ತಿದ ಅಕ್ಷರವು ಮೊದಲು ಆ ಕೆಲಸಕ್ಕೆಂದು ಬರೆದ ತಂತ್ರಾಂಶದ ಸ್ವಂತ ನೆನಪಿನಲ್ಲಿ ತಂಗುತ್ತದೆ. ಅದು 'ಬರೆ' ಎಂದು ಆಜ್ಞಾಪಿಸಿದಾಗ ಯಂತ್ರವನ್ನೆಲ್ಲ ಆಳುವ ಮೂಲತಂತ್ರಾಂಶವು ಆ ಅಕ್ಷರವನ್ನು ತನ್ನ ನೆನಪಿಗೆ ತೆಗೆದುಕೊಂಡು 'ಆಯಿತು' ಎಂದು ಹೇಳಿಬಿಡುತ್ತದೆ. ಡಿಸ್ಕಿಗೆ ಅದನ್ನು ಕಳುಹಿಸುವುದು ಅದಕ್ಕೆ ಬಿಡುವಾದಾಗ. ಲಿನಕ್ಸ್ ಎಂಬ ಪ್ರಸಿದ್ಧ ಮೂಲತಂತ್ರಾಂಶದ ಸಾಮಾನ್ಯ ನಿಯಮದಲ್ಲಿ, ಹೀಗೆ ಕಾದಿರುವ ಬರಹವು 30 ಸೆಕೆಂಡು ಹಳೆಯದಾದ ಮೇಲೆ ಅದನ್ನು ಡಿಸ್ಕಿಗೆ ಸಾಗಿಸುವ ಕೆಲಸ ಮೊದಲಾಗುತ್ತದೆ. ಡಿಸ್ಕಿಗೆ ಹೋದಮೇಲೂ ಪ್ರಯಾಣ ಮುಗಿಯದು. ಡಿಸ್ಕಿನೊಳಗೂ ಒಂದು ಕಿರುನೆನಪಿದ್ದು, ಅದೂ ಬಂದುದನ್ನು ಕೆಲಕಾಲ ತಡೆದಿಟ್ಟುಕೊಳ್ಳುತ್ತದೆ. ಅಯ್ಯನಕೆರೆ ತುಂಬಿದ್ದನ್ನು ಕಂಡು ಮಾರಿಕಣಿವೆ ತುಂಬಿತೆಂದು ಸಾರಿದಂತೆ, ಈ ನಡುವಣ ನೆಲೆಗಳಲ್ಲಿ ಯಾವುದೋ ಒಂದಕ್ಕೆ ಮುಟ್ಟಿದ ಅಕ್ಷರವನ್ನು ಯಂತ್ರವು 'ಉಳಿಯಿತು' ಎಂದು ಸಾರುತ್ತದೆ. ನಡುವಣ ಕೆರೆಗಳ ನೀರು ಎಂದಾದರೂ ಮುಂದೆ ಬಂದೀತು. ನಡುವಣ ನೆನಪುಗಳ ಅಕ್ಷರವಾದರೋ ವಿದ್ಯುತ್ತು ಹೋದ ಕ್ಷಣಕ್ಕೆ ಇಂಗಿಹೋಗುತ್ತದೆ.

ಹಿಂದಿನವರ ಬರವಣಿಗೆಯೊಡನೆ ಇದನ್ನು ಹೋಲಿಸಿದರೆ ಒಂದು ವಿಚಿತ್ರ ಕಾಣುತ್ತದೆ. ಓಲೆಯ ಮೇಲೆ ಲಿಪಿಕಾರನು ಕಬ್ಬಿಣದ ಕಂಟದಿಂದ ಅಕ್ಷರವನ್ನು ಕೊರೆಯುತ್ತಿದ್ದನು. ಕೊರೆದಾಗ ಅದು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಮಸಿಯನ್ನು ಸವರಿ ಒರಸಿದ ಮೇಲೆ ಗೆರೆಗಳಲ್ಲಿ ಕಪ್ಪು ನಿಂತು ಅಕ್ಷರ ಮೂಡುತ್ತಿತ್ತು. ಅಂದರೆ ಓಲೆಯಲ್ಲಿ ಅಕ್ಷರ ಮೊದಲು ನಿಲ್ಲುತ್ತಿತ್ತು, ಆಮೇಲೆ ಕಾಣುತ್ತಿತ್ತು. ಗಣಕದಲ್ಲಿ ಈ ಕ್ರಮವು ತಲೆಕೆಳಗಾಗಿದೆ: ಅಕ್ಷರ ಮೊದಲು ಕಾಣುತ್ತದೆ, ಆಮೇಲೆ, ಎಲ್ಲವೂ ಸರಿಯಾಗಿದ್ದರೆ, ನಿಲ್ಲುತ್ತದೆ. ಸಾವಿರಾರು ವರ್ಷ ಓಲೆ, ಕಲ್ಲು, ತಾಮ್ರ, ಕಾಗದಗಳ ಮೇಲೆ ಬರೆದು ಬಂದ ಮನುಷ್ಯನಿಗೆ 'ಕಂಡಿತೆಂದರೆ ನಿಂತಿತು' ಎಂಬ ನಂಬಿಕೆ ರಕ್ತಗತವಾಗಿದೆ. ಅದೇ ನಂಬಿಕೆಯನ್ನು ಗಣಕಕ್ಕೂ ಒಯ್ಯುವುದೇ ಈಗಿನ ಅನರ್ಥಕ್ಕೆ ಮೂಲ.

ಗಣಕ ವಿದ್ಯೆಯವರು ಈ ಅಪಾಯವನ್ನು ಅರಿಯದವರಲ್ಲ. ವಿದ್ಯುತ್ತು ನಡುವೆ ಹೋದಾಗ ಕಡತಗಳ ವ್ಯವಸ್ಥೆಯೇ ಅಸ್ತವ್ಯಸ್ತವಾಗದಂತೆ ಅವರು 'ಜರ್ನಲಿಂಗ್ ಫೈಲ್ ಸಿಸ್ಟಂ' ಎಂಬ ಏರ್ಪಾಡನ್ನು ಕಂಡುಹಿಡಿದರು. ಅದರ ತತ್ತ್ವ ಅಂಗಡಿಯ ಲೆಕ್ಕವನ್ನು ಬಲ್ಲವರಿಗೆ ಹೊಸದಲ್ಲ. ವರ್ತಕನು ದಿನದ ವ್ಯವಹಾರವನ್ನು ನೇರವಾಗಿ ಖಾತೆಯಲ್ಲಿ ತಿದ್ದುವುದಿಲ್ಲ. ಮೊದಲು ಕಿರ್ದಿಯಲ್ಲಿ ಸಾಲಾಗಿ ಬರೆದು, ಅನಂತರ ಖಾತೆಗೆ ಖತಾಯಿಸುತ್ತಾನೆ. ಖತಾಯಿಸುವಾಗ ದೀಪ ಆರಿದರೂ ಕಿರ್ದಿಯನ್ನು ನೋಡಿ ಮರುದಿನ ಕೆಲಸವನ್ನು ಪೂರೈಸಬಹುದು. ಕಿರ್ದಿಯಲ್ಲಿಯೇ ಅರ್ಧಕ್ಕೆ ನಿಂತ ಸಾಲಿದ್ದರೆ ಅದನ್ನು ಹೊಡೆದುಹಾಕಬಹುದು. ಎರಡೂ ಪಕ್ಷದಲ್ಲಿ ಖಾತೆ ಕೆಡುವುದಿಲ್ಲ. ಲಿನಕ್ಸಿನಲ್ಲಿ ಸ್ಟೀಫನ್ ಟ್ವೀಡಿಯೆಂಬವರು ರೂಪಿಸಿದ 'ಎಕ್ಸ್‌ಟ್-3' ಎಂಬ ಕಿರ್ದಿಯುಳ್ಳ ವ್ಯವಸ್ಥೆ 2001ರಲ್ಲಿ ಮೂಲದಲ್ಲಿ ಸೇರಿತು; ಅದರ ಮುಂದಿನ ಪೀಳಿಗೆಯಾದ 'ಎಕ್ಸ್‌ಟ್-4' 2008ರ ಕೊನೆಯಲ್ಲಿ ಬಳಕೆಗೆ ಸಿದ್ಧವೆನಿಸಿತು.

ಇಲ್ಲಿಯೇ ಎಚ್ಚರ ಬೇಕಾದದ್ದು. ಈ ಕಿರ್ದಿಯಲ್ಲಿ ಸಾಮಾನ್ಯವಾಗಿ ಬರೆಯುವುದು ಕಡತದ ಒಳಗಿನ ವಿಷಯವನ್ನಲ್ಲ. ಕಡತದ ಹೆಸರೇನು, ಅಳತೆಯೆಷ್ಟು, ಡಿಸ್ಕಿನ ಯಾವ ಜಾಗದಲ್ಲಿದೆ ಎಂಬ ಹೊರವಿವರವನ್ನು ಮಾತ್ರ. ಗ್ರಂಥಕ್ಕೆ ಹೋಲಿಸುವುದಾದರೆ, ಕಿರ್ದಿಯು ಪರಿವಿಡಿಯನ್ನು ಕಾಯುತ್ತದೆ, ಪುಟಗಳನ್ನು ಕಾಯುವುದಿಲ್ಲ. ವಿಷಯವನ್ನೂ ಕಿರ್ದಿಯಲ್ಲಿ ಬರೆಯುವ ಕ್ರಮವೊಂದು ಉಂಟಾದರೂ, ಎಲ್ಲವನ್ನೂ ಎರಡೆರಡು ಬಾರಿ ಬರೆಯಬೇಕಾಗುವುದರಿಂದ ಅದು ರೂಢಿಯಲ್ಲಿ ವಿರಳ. 'ಜರ್ನಲಿಂಗ್ ಇದೆ, ಭಯವಿಲ್ಲ' ಎಂದು ಮಾರಾಟಗಾರನು ಭರವಸೆ ಕೊಟ್ಟರೆ, ವ್ಯವಸ್ಥೆ ಕೆಡದು ಎಂಬಷ್ಟನ್ನೇ ಅದರಿಂದ ಗ್ರಹಿಸಬೇಕು. ಈಗತಾನೆ ಬರೆದ ಸಾಲು ಉಳಿದಿದೆಯೆಂಬ ಅರ್ಥ ಅದರಲ್ಲಿಲ್ಲ.

ಈ ವ್ಯತ್ಯಾಸವು 2009ರಲ್ಲಿ ಲೋಕಕ್ಕೆಲ್ಲ ತಿಳಿಯುವಂತಾಯಿತು. ಹಳೆಯ ಎಕ್ಸ್‌ಟ್-3 ವ್ಯವಸ್ಥೆಯು ಸುಮಾರು 5 ಸೆಕೆಂಡಿಗೊಮ್ಮೆ ಕಿರ್ದಿಯನ್ನು ಮುಗಿಸುವಾಗ, ವಿಷಯವನ್ನು ಮೊದಲು ಡಿಸ್ಕಿಗೆ ತಳ್ಳಿ ಆಮೇಲೆ ಹೊರವಿವರವನ್ನು ಬರೆಯುತ್ತಿತ್ತು. ಆದಕಾರಣ ತಂತ್ರಾಂಶ ಬರೆಯುವವರು ಅಜಾಗರೂಕರಾಗಿದ್ದರೂ ನಷ್ಟ ಅಷ್ಟಾಗಿ ಕಾಣುತ್ತಿರಲಿಲ್ಲ. ಹೊಸ ಎಕ್ಸ್‌ಟ್-4 ವೇಗಕ್ಕಾಗಿ, ವಿಷಯಕ್ಕೆ ಡಿಸ್ಕಿನಲ್ಲಿ ಜಾಗ ಗೊತ್ತುಮಾಡುವುದನ್ನೇ ಮುಂದಕ್ಕೆ ಹಾಕುತ್ತಿತ್ತು. ಆಗ ಏನಾಯಿತೆಂದರೆ, ತಂತ್ರಾಂಶವು ಹೊಸ ಕಡತವೊಂದನ್ನು ಬರೆದು ಹಳೆಯ ಕಡತದ ಹೆಸರನ್ನು ಅದಕ್ಕೆ ಕೊಡುತ್ತಿತ್ತು. ಹೆಸರು ಬದಲಾದ ಸಂಗತಿ ಕಿರ್ದಿಯ ಮೂಲಕ ಬೇಗನೆ ಡಿಸ್ಕನ್ನು ಸೇರುತ್ತಿತ್ತು. ವಿಷಯ ಮಾತ್ರ ಇನ್ನೂ ದಾರಿಯಲ್ಲಿರುತ್ತಿತ್ತು. ಆ ನಡುವೆ ಯಂತ್ರ ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಹೆಸರಿದ್ದು ಒಡಲಿಲ್ಲದ, ಸೊನ್ನೆ ಅಳತೆಯ ಕಡತವೊಂದು ಉಳಿಯುತ್ತಿತ್ತು. ಬಳಕೆದಾರರು ದೂರಿದಾಗ, ಆ ವ್ಯವಸ್ಥೆಯ ಹೊಣೆ ಹೊತ್ತಿದ್ದ ಥಿಯೋಡರ್ ತ್ಸೊ ಅವರು, ಉಳಿಯಲೇಬೇಕಾದ ಬರಹವನ್ನು ಉಳಿಸೆಂದು ಸ್ಪಷ್ಟವಾಗಿ ಕೇಳುವುದು ತಂತ್ರಾಂಶ ಬರೆಯುವವರ ಕೆಲಸವೆಂದು ಪ್ರತಿಪಾದಿಸಿದರು. ಜೊತೆಗೆ, ಕೇಳದವರ ಬರಹಕ್ಕೂ ತಕ್ಕಮಟ್ಟಿನ ರಕ್ಷಣೆ ದೊರೆಯುವಂತೆ ವ್ಯವಸ್ಥೆಯನ್ನು ತಿದ್ದಿದರು. ಅವರ ಮಾತು ಶಾಸ್ತ್ರ, ಅವರ ತಿದ್ದುಪಡಿ ದಯೆ. ದಯೆಯನ್ನೇ ನಂಬಿ ಶಾಸ್ತ್ರವನ್ನು ಬಿಡುವುದು ವಿವೇಕವಲ್ಲ.

ಹಾಗೆ ಸ್ಪಷ್ಟವಾಗಿ ಕೇಳುವ ಆಜ್ಞೆಗೆ 'ಎಫ್‌ಸಿಂಕ್' ಎಂದು ಹೆಸರು. 'ಈ ಕಡತದ ವಿಷಯವನ್ನೂ ಅದರ ವಿವರವನ್ನೂ ನಡುವಣ ಯಾವ ನೆಲೆಯಲ್ಲೂ ತಡೆಯದೆ ಡಿಸ್ಕಿನ ನೆಲಕ್ಕೆ ಮುಟ್ಟಿಸು. ಮುಟ್ಟಿಸಿದ ಮೇಲೆ ಮಾತ್ರ ಉತ್ತರ ಕೊಡು' ಎಂಬುದು ಅದರ ತಾತ್ಪರ್ಯ. ಸರಿಯಾಗಿ ನಡೆಯುವ ವ್ಯವಸ್ಥೆಯಲ್ಲಿ ಈ ಆಜ್ಞೆಯು ಡಿಸ್ಕಿನ ಒಳಗಿನ ಕಿರುನೆನಪನ್ನೂ ಬರಿದುಮಾಡಿಸುತ್ತದೆ. ಹಳೆಯ ಕಡತದ ಜಾಗಕ್ಕೆ ಹೊಸದನ್ನು ತರುವಾಗ ಬಲ್ಲವರು ಅನುಸರಿಸುವ ಕ್ರಮವೂ ಗೊತ್ತಾಗಿದೆ. ಹಳೆಯದನ್ನು ಮುಟ್ಟದೆ ಹೊಸದನ್ನು ಬೇರೆ ಹೆಸರಿನಲ್ಲಿ ಪೂರ್ತಿ ಬರೆಯುವುದು. ಎಫ್‌ಸಿಂಕ್ ಮಾಡಿ ಉತ್ತರಕ್ಕೆ ಕಾಯುವುದು. ಆಮೇಲೆ ಹಳೆಯ ಹೆಸರನ್ನು ಹೊಸದಕ್ಕೆ ಕೊಡುವುದು. ಕೊನೆಗೆ, ಆ ಹೆಸರಿನ ಬದಲಾವಣೆಯೂ ನಿಲ್ಲುವಂತೆ, ಕಡತವಿರುವ ಕೋಶವನ್ನೂ ಎಫ್‌ಸಿಂಕ್ ಮಾಡುವುದು. ಒಳ್ಳೆಯ ಲಿಪಿಕಾರನು ಹೊಸ ಪ್ರತಿಯನ್ನು ಬರೆದು ಮೂಲದೊಡನೆ ಒಪ್ಪ ನೋಡುವವರೆಗೆ ಜೀರ್ಣವಾದ ಓಲೆಯನ್ನು ಹೊಳೆಗೆ ಬಿಡುತ್ತಿರಲಿಲ್ಲ. ಇದೂ ಅದೇ ಶಿಸ್ತು.

ಇಷ್ಟು ಸುಲಭವಾದ ಉಪಾಯವಿದ್ದೂ ಎಲ್ಲರೂ ಏಕೆ ಅನುಸರಿಸುವುದಿಲ್ಲವೆಂದರೆ, ಅದಕ್ಕೆ ವೇಗದ ಬೆಲೆ ತೆರಬೇಕಾಗುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ ತಿರುಗುವುದು 120 ಸುತ್ತು. ಒಂದೊಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ಎಂಟು ಭಾಗಕ್ಕಿಂತ ತುಸು ಹೆಚ್ಚು ಕಾಲ ಬೇಕು. ಬಿಡಿಬಿಡಿಯಾಗಿ ಬರೆದು ಪ್ರತಿಸಲವೂ ನೆಲ ಮುಟ್ಟಿಸುತ್ತ ಹೋದರೆ ಸೆಕೆಂಡಿಗೆ ನೂರರ ಆಸುಪಾಸಿಗಿಂತ ಹೆಚ್ಚು ಬರಹಗಳು ಸಾಗಲಾರವು. ನೆನಪಿನಲ್ಲಿ ಮಾತ್ರ ಬರೆದು ಹೊರಟುಹೋಗುವುದು ಇದಕ್ಕಿಂತ ಎಷ್ಟೋ ಸಾವಿರಪಟ್ಟು ಬೇಗ. ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕುಗಳಲ್ಲಿ ಕಾಯುವ ಕಾಲ ಕಡಿಮೆಯಾಗಿದ್ದರೂ ಕಾಯುವುದು ತಪ್ಪಿಲ್ಲ. ಎಕ್ಸ್‌ಟ್-3ರ ಕಾಲದಲ್ಲಂತೂ ಒಂದು ಕಡತವನ್ನು ಉಳಿಸೆಂದರೆ ಕಾದಿದ್ದ ಬೇರೆ ಬರಹಗಳೆಲ್ಲ ಅದರೊಡನೆ ಡಿಸ್ಕಿಗೆ ಹೋಗಬೇಕಾಗಿ, ಯಂತ್ರವೇ ತಡವರಿಸುತ್ತಿತ್ತು. ಹೀಗಾಗಿ ತಂತ್ರಾಂಶ ಬರೆಯುವವರಲ್ಲಿ ಎಷ್ಟೋ ಮಂದಿ ಎಫ್‌ಸಿಂಕನ್ನು ದೂರವಿಡುವುದನ್ನೇ ಜಾಣತನವೆಂದು ಕಲಿತರು.

ಅವರ ಪಕ್ಷದಲ್ಲಿಯೂ ಸತ್ಯಾಂಶವಿದೆ. ಪ್ರತಿಯೊಂದು ಅಕ್ಷರಕ್ಕೂ ಕಾಯುತ್ತ ಕುಳಿತರೆ ಕೆಲಸ ಸಾಗುವುದಿಲ್ಲ. ಕರಡು ಪತ್ರವೊಂದರ ಕೊನೆಯ ಎರಡು ಸಾಲು ಹೋದರೆ ಲೋಕ ಮುಳುಗುವುದಿಲ್ಲ. ಆದರೆ ಯಾವುದು ಕರಡು, ಯಾವುದು ದಾಖಲೆ ಎಂಬ ವಿವೇಚನೆಯನ್ನು ದೂರದ ಊರಿನ ತಂತ್ರಾಂಶದವನು ತಾನೊಬ್ಬನೇ ನಿರ್ಣಯಿಸಲಾಗದು. ಒಂದು ತರಗತಿಯ ನಲವತ್ತು ಮಕ್ಕಳ ಅಂಕಗಳನ್ನು ಒಟ್ಟಿಗೆ ಬರೆದು, ಕೊನೆಗೆ ಒಮ್ಮೆ ನೆಲ ಮುಟ್ಟಿಸಿ, ಉತ್ತರ ಬಂದ ಮೇಲೆ 'ಉಳಿಯಿತು' ಎಂದು ತೋರಿಸಿದರೆ ವೇಗಕ್ಕೂ ಭಂಗವಿಲ್ಲ, ಸತ್ಯಕ್ಕೂ ಭಂಗವಿಲ್ಲ. ಯಂತ್ರ ತಡಮಾಡುವುದು ದೋಷವಲ್ಲ. ಉಳಿಯುವ ಮುನ್ನ ಉಳಿಯಿತೆಂದು ಹೇಳುವುದೇ ದೋಷ. ನಿಧಾನವಾಗಿ ನಿಜ ಹೇಳುವ ಯಂತ್ರವು, ಬೇಗನೆ ಹುಸಿ ಹೇಳುವ ಯಂತ್ರಕ್ಕಿಂತ ಮೇಲೆಂಬುದರಲ್ಲಿ ವಿದ್ಯಾಸಂಸ್ಥೆಗಳಿಗಾದರೂ ಎರಡು ಅಭಿಪ್ರಾಯವಿರಬಾರದು.

ಕೇಳಿದರಷ್ಟೇ ಸಾಲದು, ಉತ್ತರವನ್ನು ಆಲಿಸಬೇಕೆಂಬುದಕ್ಕೆ 2018ರ ಪ್ರಸಂಗವೊಂದು ನಿದರ್ಶನವಾಗಿದೆ. ಪೋಸ್ಟ್‌ಗ್ರೆಸ್ ಎಂಬುದು ಜಗತ್ತಿನಾದ್ಯಂತ ದೊಡ್ಡ ದಾಖಲೆಗಳ ಸಂಗ್ರಹಕ್ಕೆ ಬಳಸುವ ತಂತ್ರಾಂಶ. ಎಫ್‌ಸಿಂಕ್ ಒಮ್ಮೆ ವಿಫಲವಾದರೆ ಮತ್ತೆ ಕೇಳಬಹುದು, ಎರಡನೆಯ ಸಲ ಯಶಸ್ಸಿನ ಉತ್ತರ ಬಂದರೆ ಬರಹ ಉಳಿದಂತೆಯೇ ಎಂದು ಅದನ್ನು ಕಟ್ಟಿದವರು ಬಹುಕಾಲ ಭಾವಿಸಿದ್ದರು. ಲಿನಕ್ಸ್ ಮೊದಲಾದವುಗಳಲ್ಲಿ ನಿಜಸ್ಥಿತಿ ಬೇರೆಯಿತ್ತು. ಸೋಲನ್ನು ಒಮ್ಮೆ ತಿಳಿಸಿದ ಮೇಲೆ, ಡಿಸ್ಕಿಗೆ ಹೋಗದ ಆ ಬರಹವನ್ನೇ 'ಹೋಗಿದೆ' ಎಂದು ಗುರುತಿಸಿಬಿಡುವ ಪದ್ಧತಿ ಅಲ್ಲಿತ್ತು. ಎರಡನೆಯ ಸಲ ಬಂದ 'ಆಯಿತು' ಪೊಳ್ಳಾಗಿತ್ತು. ಇದು ಬೆಳಕಿಗೆ ಬಂದ ಮೇಲೆ, 2019ರ ಫೆಬ್ರುವರಿಯಿಂದಾಚೆಗಿನ ಆವೃತ್ತಿಗಳಲ್ಲಿ, ಮೊದಲ ಸೋಲನ್ನು ಕೇಳಿದೊಡನೆ ಪೋಸ್ಟ್‌ಗ್ರೆಸ್ ತಾನೇ ನಿಂತುಹೋಗಿ, ತನ್ನ ಕಿರ್ದಿಯಿಂದ ಎಲ್ಲವನ್ನೂ ಮತ್ತೆ ಖತಾಯಿಸಿಕೊಳ್ಳುವಂತೆ ತಿದ್ದಲಾಯಿತು. ಲೆಕ್ಕ ತಪ್ಪಿದೆಯೆಂದು ತಿಳಿದ ಕ್ಷಣದಲ್ಲಿ ಅಂಗಡಿಯ ಬಾಗಿಲೆಳೆದು ಕಿರ್ದಿಯನ್ನು ಮೊದಲಿನಿಂದ ನೋಡುವ ವರ್ತಕನ ನಡತೆ ಇದು. ಲಜ್ಜೆಗೆ ಅಂಜಿ ವ್ಯಾಪಾರ ಮುಂದುವರಿಸುವವನ ನಡತೆಯಲ್ಲ.

ಇನ್ನು ಶಾಲೆಗಳು ಮಾಡಬೇಕಾದುದೇನು? ಎಫ್‌ಸಿಂಕ್ ಬರೆಯುವುದು ಅಧ್ಯಾಪಕರ ಕೆಲಸವಲ್ಲ, ಅದು ಇದೆಯೇ ಎಂದು ಕೇಳುವುದು ಅವರ ಕೆಲಸ. ಮನೆ ಕಟ್ಟಿಸುವವನಿಗೆ ಗಾರೆಕೆಲಸ ಬರಬೇಕಾಗಿಲ್ಲ. ತಳಪಾಯ ಎಷ್ಟು ಆಳವೆಂದು ಕೇಳಲು ಬಾಯಿದ್ದರೆ ಸಾಕು. ತಂತ್ರಾಂಶವನ್ನು ಮಾರಲು ಬಂದವರನ್ನು ಕೇಳಬೇಕಾದ ಪ್ರಶ್ನೆಗಳು ಮೂರು. 'ಉಳಿಯಿತು' ಎಂದು ತೋರಿಸುವುದು ಡಿಸ್ಕಿಗೆ ಮುಟ್ಟಿದ ಮೇಲೋ, ಮುಟ್ಟುವ ಮುನ್ನವೋ? ಮುಟ್ಟಲಿಲ್ಲವೆಂಬ ಉತ್ತರ ಬಂದರೆ ಗುಮಾಸ್ತನಿಗೆ ಅದು ಕಾಣಿಸುತ್ತದೆಯೋ, ಒಳಗೇ ಹೂತುಹೋಗುತ್ತದೆಯೋ? ಹಳೆಯ ದಾಖಲೆಯನ್ನು ತಿದ್ದುವಾಗ ಹೊಸದು ಪೂರ್ತಿಯಾಗುವವರೆಗೆ ಹಳೆಯದು ಭದ್ರವಾಗಿರುತ್ತದೆಯೋ ಇಲ್ಲವೋ? ಉತ್ತರ ತೃಪ್ತಿಕರವೆನಿಸಿದರೂ ಪರೀಕ್ಷೆ ಆಗಬೇಕು. ಹಣ ಕೊಡುವ ಮೊದಲು, ಕೃತಕ ದಾಖಲೆಗಳನ್ನು ತುಂಬಿ, 'ಉಳಿಯಿತು' ಎಂದು ಕಂಡೊಡನೆ ವಿದ್ಯುತ್ತನ್ನು ಕಿತ್ತು, ಮತ್ತೆ ಯಂತ್ರ ಹೂಡಿ ನೋಡುವುದು. ಹೀಗೆ ಹತ್ತಾರು ಸಲ ಮಾಡುವುದು. ಕರೆಂಟು ಹೋಗುವುದು ಈ ಸೀಮೆಯ ಹಳ್ಳಿಗಳಲ್ಲಿ ಅಪರೂಪವಲ್ಲವಾಗಿ, ಶಾಲೆ ನಡೆಸದಿದ್ದರೂ ಮಳೆಗಾಲವೇ ಆ ಪರೀಕ್ಷೆಯನ್ನು ನಡೆಸುತ್ತದೆ. ಆಗ ಕಳೆದುಹೋಗುವುದು ಮಾತ್ರ ಕೃತಕ ದಾಖಲೆಯಾಗಿರುವುದಿಲ್ಲ.

ದಾನಿಗಳಲ್ಲಿಯೂ ಒಂದು ವಿಜ್ಞಾಪನೆ ಸಲ್ಲುತ್ತದೆ. ಗಣಕಗಳನ್ನು ಕೊಡುವವರು ಅನೇಕರುಂಟು, ಅವುಗಳ ಮೇಲೆ ಹೆಸರು ಕಾಣುತ್ತದೆ. ಕರೆಂಟು ಹೋದಾಗ ಅರ್ಧ ಗಂಟೆ ಯಂತ್ರವನ್ನು ಹಿಡಿದು ನಿಲ್ಲಿಸುವ ಯುಪಿಎಸ್, ಅದರ ಬ್ಯಾಟರಿಯನ್ನು ಕಾಲಕಾಲಕ್ಕೆ ಬದಲಿಸುವ ವೆಚ್ಚ, ಪ್ರತಿ ತೆಗೆದಿಡಲು ಬೇರೊಂದು ಡಿಸ್ಕು, ಇವುಗಳಿಗೆ ದಾನ ಕೊಡುವವರು ವಿರಳ, ಏಕೆಂದರೆ ಇವು ಕಣ್ಣಿಗೆ ಬೀಳುವುದಿಲ್ಲ. ಕಟ್ಟೆಯಲ್ಲಿಯೂ ಕಣ್ಣಿಗೆ ಬೀಳುವುದು ನೀರು. ಅದನ್ನು ಹಿಡಿದಿರುವುದು ನೆಲದೊಳಗಿನ ಕಲ್ಲು.

ಪ್ರತಿ ಎಂದಾಗ ಮತ್ತೊಂದು ಮಾತು. ಎಫ್‌ಸಿಂಕ್ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಒಂದೇ ಡಿಸ್ಕಿನ ಮಟ್ಟಿಗೆ. ಡಿಸ್ಕೇ ಕೆಟ್ಟರೆ ಅದು ಕಾಯಲಾರದು. ಫ. ಗು. ಹಳಕಟ್ಟಿಯವರು ಮನೆಮನೆಗಳ ಓಲೆಕಟ್ಟುಗಳನ್ನು ಹುಡುಕಿ ತೆಗೆದು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಲು ಸಾಧ್ಯವಾದದ್ದು, ವಚನಗಳ ಪ್ರತಿಗಳು ಒಂದೇ ಕಡೆ ಕೂಡಿರದೆ ಹಲವು ಜಗುಲಿಗಳಲ್ಲಿ ಹಂಚಿಹೋಗಿದ್ದುದರಿಂದ. ಒಂದು ಮನೆಗೆ ಗೆದ್ದಲು ಹತ್ತಿದರೆ ಇನ್ನೊಂದು ಮನೆಯ ಓಲೆ ಮಾತಾಡುತ್ತಿತ್ತು. ಶಾಲೆಯ ದಾಖಲೆಗೂ ಅದೇ ನೀತಿ ಸಲ್ಲಬೇಕು: ಒಂದು ಪ್ರತಿ ಕಚೇರಿಯಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ, ಸಾಧ್ಯವಾದರೆ ಮತ್ತೊಂದು ಬೇರೆ ಊರಿನಲ್ಲಿ. ಪೆನ್‌ಡ್ರೈವಿಗೆ ಪ್ರತಿ ಮಾಡಿಕೊಂಡವರು, ಸುರಕ್ಷಿತವಾಗಿ ತೆಗೆಯಬಹುದೆಂಬ ಸೂಚನೆ ಬರುವವರೆಗೆ ಅದನ್ನು ಕೀಳದಿರುವುದೂ ಇದೇ ಧರ್ಮದ ಒಂದು ಅಂಗ. ಕಾದಿರುವ ಬರಹ ಅದಕ್ಕೆ ಮುಟ್ಟಿತೆಂಬ ಸಾಕ್ಷ್ಯವೇ ಆ ಸೂಚನೆ. ಮುಖ್ಯವಾಗಿ, ದಾಖಲಾತಿಯ ಹಳೆಯ ಪುಸ್ತಕಗಳನ್ನು 'ಎಲ್ಲ ಗಣಕಕ್ಕೆ ಸೇರಿತು' ಎಂದು ರದ್ದಿಗೆ ಹಾಕುವ ಆತುರ ಸಲ್ಲದು.

ಮಕ್ಕಳಿಗೆ ಗಣಕವನ್ನು ಕಲಿಸುವಾಗ ಬೆರಳೊತ್ತುವ ವೇಗವನ್ನು ಹೊಗಳುವುದು ವಾಡಿಕೆಯಾಗಿದೆ. ಒತ್ತಿದ ಅಕ್ಷರ ಎಲ್ಲೆಲ್ಲಿ ತಂಗಿ ಎಲ್ಲಿ ನಿಲ್ಲುತ್ತದೆಂಬುದನ್ನು ಒಂದು ಪಾಠದಲ್ಲಿ ಹೇಳಿಕೊಟ್ಟರೆ, ಅವರಲ್ಲಿ ಕೆಲವರಾದರೂ ನಾಳೆ ತಂತ್ರಾಂಶ ಬರೆಯುವವರಾದಾಗ ಹುಸಿ ನುಡಿಯದ ಯಂತ್ರಗಳನ್ನು ಕಟ್ಟಿಯಾರು. ಇಂದು ದಾಖಲಾಗುವ ಮಗುವಿನ ಹೆಸರನ್ನು, ಎಂಬತ್ತೊಂಬತ್ತು ವರ್ಷಗಳ ಬಳಿಕ ಯಾರೋ ಒಬ್ಬರು ಕೇಳಿಕೊಂಡು ಬಂದರೆ, ತೆಗೆದು ತೋರಿಸಲು ಆಗಬೇಕು. ಅದಕ್ಕೆ ಬೇಕಾದ ಎಚ್ಚರ ಇಂದಿನ ಕಚೇರಿಯಲ್ಲಿ, 'ಉಳಿಯಿತು' ಎಂಬ ಮಾತನ್ನು ಒಂದು ಗಳಿಗೆ ಅನುಮಾನಿಸುವುದರಿಂದ ಆರಂಭವಾಗುತ್ತದೆ.